ಮನೆಯಲ್ಲೇ ಎರೆಯಿರಿ ಸಕ್ಕರೆ ಅಚ್ಚು

ಮಾನ್ಯರೇ,

ಸಂಕ್ರಾಂತಿಗೆ ಸಕ್ಕರೆ ಅಚ್ಚು ಕೊಳ್ಳುವ ಮೊದಲು ಅಟ್ಟದ ಮೇಲಿನ ಮರದ ಅಚ್ಚುಗಳನ್ನೊಮ್ಮೆ ಇಳಿಸಿ. ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಒಣ ಮರಕ್ಕೆ ಪಾಕ ಅಂಟಿಕೊಂಡು, ಬಿಡಿಸುವಾಗ ಗಿಳಿಯ ಕೊಕ್ಕು, ಆನೆಯ ಸೊಂಡಿಲು ಮುರಿಯುತ್ತವೆ. ಅರ್ಧ ಕೆ.ಜಿ. ಸಕ್ಕರೆಗೆ ಮುಳುಗುವಷ್ಟು ನೀರು. ಕುದಿ ಬಂದಾಗ 2 ಚಮಚ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ. ಸ್ವಲ್ಪಸ್ವಲ್ಪವೇ ಪಾಕವನ್ನು ಸಣ್ಣ ಬಾಣಲೆಯಲ್ಲಿ ಕಾಯಿಸಿ, ಎಳೆ ಬಂದ ಮೇಲೆ ಇಳಿಸಿ ತಿರುವುತ್ತಿರಿ. ಅಂಚು ಬೆಳ್ಳಗಾದ ಕೂಡಲೇ ಎರೆಯಬೇಕು. ಮೊದಲೇ ಎರೆದರೆ ಗಟ್ಟಿಯಾಗದು, ತಡವಾದರೆ ಬಾಣಲೆಯಲ್ಲೇ ಹರಳುಗಟ್ಟುತ್ತದೆ. ಬಿಸಿ ಪಾಕ ದೊಡ್ಡವರ ಕೈಯಲ್ಲಿರಲಿ. ಎರೆಯುವ ಮೊದಲು ಅಚ್ಚಿನ ಹೋಳುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯುವುದು, ಆರಿದ ಮೇಲೆ ಬಿಚ್ಚುವುದು ಮಾತ್ರ ಮಕ್ಕಳ ಹಕ್ಕು! ಮುರಿದದ್ದನ್ನು ಮತ್ತೆ ಕರಗಿಸಿ ಎರೆಯಬಹುದು.

– ಓದುಗರು, ಮೈಸೂರು