ಒಂದನೇ ತಾರೀಖಿನ ಹಣ

ವಿದೇಶದಲ್ಲಿರುವ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಯಲ್ಲಿ ರಾಜ್ಯೋತ್ಸವದ ಚಿತ್ರಗಳಿಗೆ ಒಂದು ಪುಟ ಕಡಿಮೆಯಾಗಿದೆ. ಬೈಯುವವರು ನನ್ನನ್ನೇ ಬೈಯಿರಿ. ಆ ಪುಟವನ್ನು ಕುಮಟೆಗೂ ಅಂಕೋಲೆಗೂ ನಡುವಿನ ಒಂದು ಹಳ್ಳಿಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಹಳ್ಳಿ ನನ್ನದೇ. ಹೆಸರು ಮಾತ್ರ ಹಾಕಬೇಡಿ ಎಂದು ಊರಿನವರು ಹೇಳಿದ್ದಾರೆ. ಹಾಕಿದರೆ ಮರುತಿಂಗಳೇ ವಿದೇಶದಿಂದ ಪುಸ್ತಕದ ಪೆಟ್ಟಿಗೆಗಳು ಬಂದಿಳಿಯುತ್ತವೆ ಎಂಬ ಭಯ ಅವರಿಗೆ. ಆ ಭಯ ಹುಟ್ಟಿಸಿದವನೂ ನಾನೇ.

ಕೆಲವು ವರ್ಷಗಳ ಹಿಂದೆ ನಾವು ಮೂವರು ಸೇರಿ ಹನ್ನೊಂದು ಪೆಟ್ಟಿಗೆ ಪುಸ್ತಕಗಳನ್ನು ಹಡಗಿನಲ್ಲಿ ಕಳುಹಿಸಿದ್ದೆವು. ಏನೇನಿತ್ತು ಎಂದು ಈಗ ನೆನೆದರೆ ಕಿವಿ ಕೆಂಪಾಗುತ್ತದೆ. ನಮ್ಮ ಮಕ್ಕಳು ಬೇಸತ್ತು ಬಿಟ್ಟ ಇಂಗ್ಲಿಷ್ ಕಥೆಗಳು, ಈ ದೇಶದ ತೆರಿಗೆ ಕೈಪಿಡಿ, ಬೆಳಗಿನ ಜಾವ ಎದ್ದು ಕೋಟ್ಯಧಿಪತಿಯಾಗುವ ಉಪಾಯಗಳು, ಹಿಮ ಬೀಳುವ ಊರಿನಲ್ಲಿ ತೋಟ ಮಾಡುವ ಬಗೆ. ಜೊತೆಗೆ ಯಾರದೋ ಮನೆ ಖಾಲಿ ಮಾಡುವಾಗ ಸಿಕ್ಕ ವಿಶ್ವಕೋಶ, ಮೂರನೆಯ ಸಂಪುಟ ಬಿಟ್ಟು ಉಳಿದವೆಲ್ಲ. ಪೆಟ್ಟಿಗೆಗಳು ತಲುಪಿದ್ದು ಜೂನ್ ತಿಂಗಳಲ್ಲಿ. ಜೂನ್‌ನಲ್ಲಿ ನಮ್ಮ ಕರಾವಳಿಗೆ ಕಾಗದ ಕಳುಹಿಸುವವನು ಅಲ್ಲಿ ಹುಟ್ಟಿ ಬೆಳೆದವನು ಎಂದರೆ ಯಾರಾದರೂ ನಂಬುತ್ತಾರೆಯೇ? ಗಾಳಿಯ ತೇವಾಂಶ ಶೇಕಡಾ 70 ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಿಲ್ಲ. ಆಟಿಯ ಮಳೆಯಲ್ಲಿ ಅಲ್ಲಿ ಉಪ್ಪಿನ ಭರಣಿಯೇ ಬೆವರುತ್ತದೆ. ಮುಂದಿನ ಜನವರಿಯಲ್ಲಿ ಊರಿಗೆ ಹೋದಾಗ ಶಾಲೆಯ ಮೂಲೆಯಲ್ಲಿ ಆ ವಿಶ್ವಕೋಶ ಒಂದಕ್ಕೊಂದು ಅಂಟಿಕೊಂಡು ಕಲ್ಲಿನ ಹಾಗೆ ಕುಳಿತಿತ್ತು. ಯಾರೂ ನನಗೆ ಏನೂ ಹೇಳಲಿಲ್ಲ. ಚಹಾ ಕೊಟ್ಟರು.

ಈಗ ಊರಿನವರು ತಾವೇ ಕಟ್ಟಿಸುತ್ತಿದ್ದಾರೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಎರಚಲು ಮಳೆ ಗೋಡೆಗೆ ತಾಗದಂತೆ ಸುತ್ತಲೂ ಜಗುಲಿ. ಕಪಾಟು ಯಾವುದರದ್ದಿರಬೇಕು ಎಂಬ ಚರ್ಚೆಗೇ ಎರಡು ಸಭೆಗಳು ಹೋದವು. ಕಬ್ಬಿಣಕ್ಕೆ ಕಡಲ ಗಾಳಿಯ ತುಕ್ಕು, ಮರಕ್ಕೆ ಗೆದ್ದಲು. ಕೊನೆಗೆ ಗೆದ್ದವರು ಊರಿನ ಹಿರಿಯ ಬಡಗಿ: ಮರದ್ದೇ ಇರಲಿ, ಕಾಲುಗಳು ಕಲ್ಲಿನ ಮೇಲಿರಲಿ, ಗೋಡೆಯಿಂದ ಒಂದು ಗೇಣು ದೂರ ನಿಲ್ಲಲಿ, ಹಿಂದೆ ಗಾಳಿ ಓಡಾಡಲಿ.

ಹಣಕ್ಕಾಗಿ ಸಹಾಯಾರ್ಥ ಯಕ್ಷಗಾನ ಆಡಿಸಿದರು, ಒಂದು ತಾಳಮದ್ದಲೆ ಮಾಡಿಸಿದರು, ಚಂದಾ ಪುಸ್ತಕ ಹಿಡಿದು ಮನೆಮನೆ ತಿರುಗಿದರು. ಈ ತಿರುಗಾಟದ ಕಥೆಯನ್ನು ಸಮಿತಿಯ ಹಿರಿಯರೊಬ್ಬರು ಫೋನಿನಲ್ಲಿ ಹೇಳುವಾಗ ನನಗೆ ನಮ್ಮ ಜಿಲ್ಲೆಯ ಪಂಚಾಂಗವೇ ಕೇಳಿಸಿತು. ದೋಣಿಯವರನ್ನು ಮಳೆಗಾಲದಲ್ಲಿ ಕೇಳಿದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಆಮೇಲೆ ಬನ್ನಿ ಎಂದರು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ನೆಂಟರು ಅಡಿಕೆ ಕೊಯ್ಲು ಮುಗಿದು ವ್ಯಾಪಾರವಾಗಲಿ ಎಂದರು. ಸಾಣಿಕಟ್ಟೆಯ ಉಪ್ಪಾಗರದಲ್ಲಿ ದುಡಿಯುವವರಿಗೆ ಬೇಸಿಗೆಯಲ್ಲಿ ಮಾತ್ರ ಕೈಯಲ್ಲಿ ಕಾಸು. ಕರಿ ಇಶಾಡ ಮಾವಿನ ಮರ ಇರುವವರು ಮೇ ತಿಂಗಳು ತೋರಿಸಿದರು. ಯಾರೂ ಇಲ್ಲ ಎನ್ನಲಿಲ್ಲ. ಎಲ್ಲರೂ ತಮ್ಮ ತಮ್ಮ ಋತು ಹೇಳಿದರು.

ಗೋಡೆಗೆ ಈ ಲೆಕ್ಕ ಸಾಕು. ಅಡಿಕೆ ಹಣ ಬಂದಾಗ ಕಿಟಕಿಯ ಮಟ್ಟಕ್ಕೆ ಏರುತ್ತದೆ, ಮೀನಿನ ಹಣ ಬಂದಾಗ ಮಾಡಿಗೆ. ನಡುವೆ ಕಾದರೆ ಕಲ್ಲು ಸಿಟ್ಟು ಮಾಡಿಕೊಳ್ಳುವುದಿಲ್ಲ. ಆದರೆ ಗ್ರಂಥಪಾಲಕಿಯ ಸಂಬಳ, ವಿದ್ಯುತ್ ಬಿಲ್ಲು, ಪತ್ರಿಕೆ ಹಾಕುವ ಹುಡುಗನ ಬಾಕಿ ಋತು ನೋಡಿ ಬರುವುದಿಲ್ಲ. ಅವು ತಿಂಗಳಿಗೊಮ್ಮೆ ಬರುತ್ತವೆ. ಗ್ರಂಥಾಲಯ ವಿಜ್ಞಾನ ಓದಿ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಿರುವ ಊರಿನ ಹುಡುಗಿಯನ್ನು ಸಮಿತಿಯವರು ಈ ಕೆಲಸಕ್ಕೆ ಕೇಳಿದರಂತೆ. ಸಂಬಳ ಎಷ್ಟು ಎಂದು ಅವಳು ಕೇಳಲಿಲ್ಲ. ಎಷ್ಟು ತಿಂಗಳು ಕೊಡುತ್ತೀರಿ ಎಂದು ಕೇಳಿದಳು. ಸಮಿತಿಯವರ ಬಳಿ ಉತ್ತರವಿರಲಿಲ್ಲ.

ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಏಕೆಂದರೆ ಕಟ್ಟಡದಲ್ಲಿ ಕಲ್ಲಿದೆ, ಕಲ್ಲಿನ ಮೇಲೆ ತಂದೆಯವರ ಹೆಸರು ಕೆತ್ತಿಸಬಹುದು. ಫೆಬ್ರವರಿ ತಿಂಗಳ ಸಂಬಳದ ಮೇಲೆ ಯಾರ ಹೆಸರನ್ನೂ ಕೆತ್ತಲಾಗುವುದಿಲ್ಲ. ಇಲ್ಲಿ ನಾವು ಮಕ್ಕಳನ್ನು ಕರೆದೊಯ್ಯುವ ಗ್ರಂಥಾಲಯಗಳಲ್ಲಿ ಕೆಲವು ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಎದ್ದವು. ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಆತ ಹಣ ಕೊಟ್ಟ, ಆದರೆ ಸಾಮಾನ್ಯವಾಗಿ ಒಂದು ಷರತ್ತು ಇಟ್ಟ: ಊರಿನವರು ಜಾಗ ಕೊಡಬೇಕು, ಕೊಟ್ಟ ಹಣದ ಹತ್ತನೆಯ ಒಂದು ಭಾಗವನ್ನು ಪ್ರತಿವರ್ಷ ನಡೆಸಲು ತೆಗೆದಿಡಬೇಕು. ಉಕ್ಕಿನ ವ್ಯಾಪಾರಿ, ಬಾಗಿಲು ತೆರೆದಿಡುವ ಖರ್ಚು ಅವನಿಗೆ ಗೊತ್ತಿತ್ತು. ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದಾಗ ಮೊದಲನೆಯದಾಗಿ ಪುಸ್ತಕ ಇರುವುದು ಬಳಕೆಗೆ ಎಂದರು, ಮತ್ತು ಅದರ ಕೆಳಗೆ ಅವರು ವಿವರಿಸಿದ್ದು ಜಾಗ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಸಿಬ್ಬಂದಿ ಹೇಗಿರಬೇಕು ಎಂಬುದನ್ನೇ. ನಮ್ಮ ಜಿಲ್ಲೆಗೂ ಈ ಪಾಠ ಹೊಸದಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಿಂದುಳಿದ ಹಳ್ಳಿಗಳಲ್ಲಿ ಹೈಸ್ಕೂಲು ತೆರೆದರು; ಆ ಶಾಲೆಗಳಲ್ಲಿ ಪ್ರತಿ ತಿಂಗಳೂ ಮೇಷ್ಟ್ರು ಇದ್ದುದರಿಂದಲೇ ನಮ್ಮಂಥವರು ವಿಮಾನ ಹತ್ತಿದ್ದು.

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳುವವರಿಗೆ: 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಇದೆ. ಊರಿನ ಮನೆಯ ರಶೀದಿ ತೆಗೆದು ನೋಡಿ, ಆ ಸಾಲು ಕಾಣುತ್ತದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಅನೇಕ ಕಡೆ ಕಳೆಗಟ್ಟಿವೆ. ನಮ್ಮ ಪಂಚಾಯತಿಯದೂ ಚೆನ್ನಾಗಿದೆ. ಆದರೆ ಅದು ಹೊಳೆಯ ಆಚೆ ಇದೆ. ಸಂಜೆ ಮೀನು ಮಾರಿ ಬಂದ ಹೆಂಗಸಿಗೆ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗನಿಗೆ ಹೊಳೆ ದಾಟಿ ಹೋಗು ಎನ್ನಲಾಗದು.

ಇಡೀ ಜಿಲ್ಲೆಯ ಹಣಕ್ಕೆ ಋತುವಿದೆ, ನಮಗೆ ಮಾತ್ರ ಒಂದನೇ ತಾರೀಖಿದೆ. ಕಲ್ಲು, ಕಿಟಕಿ ಊರಿನವರದೇ ಇರಲಿ. ನಾವು ಸಂಬಳ ಕೊಡೋಣ, ಚಿಕ್ಕ ಮೊತ್ತ, ತಪ್ಪದೆ, ಐದು ವರ್ಷ. ನನ್ನ ಸಲಹೆ ಇಷ್ಟೇ.

ಇದರಲ್ಲೊಂದು ತೊಡಕಿದೆ, ಅದನ್ನು ಮುಚ್ಚಿಡುವುದಿಲ್ಲ. ಭಾರತದ 2010ರ ವಿದೇಶಿ ವಂತಿಗೆ ಕಾಯ್ದೆಯ ಪ್ರಕಾರ ನಮ್ಮ ಸಂಘದ ಖಾತೆಯಿಂದ ಹೋಗುವ ಹಣ ವಿದೇಶಿ ಹಣ. ಅದನ್ನು ಪಡೆಯಲು ಊರಿನ ಸಮಿತಿ ನೋಂದಣಿ ಮಾಡಿಸಬೇಕು. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿ ಸಮಾಜಕ್ಕಾಗಿ ಖರ್ಚು ಮಾಡಿರಬೇಕು. ನೋಂದಣಿ ಇರುವ ಇನ್ನೊಂದು ಸಂಸ್ಥೆಯ ಕೈಯಿಂದ ದಾಟಿಸೋಣ ಎಂದರೆ 2020ರ ತಿದ್ದುಪಡಿ ಅದನ್ನೂ ನಿಲ್ಲಿಸಿದೆ. ಪೌರತ್ವ ಬದಲಿಸಿಕೊಂಡವರ ಹಣವೂ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿಯೇ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಮಾತ್ರ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಹಾಗಾಗಿ ವೀಸಾ ಕಾಯುತ್ತಿರುವ ನಮ್ಮ ಕಿರಿಯರು ಕೊಡಬಹುದು. ದೊಡ್ಡ ಮನೆ ಕಟ್ಟಿಕೊಂಡ ನಾವು ಸದ್ಯಕ್ಕೆ ಕೊಡಲಾಗದು. ವಿಧಿಯ ಈ ತಮಾಷೆಗೆ ನಾನೂ ನಕ್ಕಿದ್ದೇನೆ.

ನಮ್ಮಂಥವರಿಗೂ ಕೆಲಸವಿದೆ. ಪುಸ್ತಕಗಳ ಪಟ್ಟಿಯನ್ನು ಕನ್ನಡದಲ್ಲಿ ಕಂಪ್ಯೂಟರಿಗೆ ಏರಿಸಬೇಕು. ಅದಕ್ಕೆ ಕೋಹಾ ಎಂಬ ಉಚಿತ ತಂತ್ರಾಂಶವಿದೆ, ನ್ಯೂಜಿಲೆಂಡಿನ ಗ್ರಂಥಾಲಯವೊಂದಕ್ಕಾಗಿ ಮಾಡಿದ್ದು. ಮಾವೊರಿ ಭಾಷೆಯಲ್ಲಿ ಆ ಪದಕ್ಕೆ ಕೊಡುಗೆ ಎಂದೇ ಅರ್ಥ. ಕನ್ನಡ ಟೈಪಿಂಗ್ ಬರುವವರು, ಮುಖ್ಯವಾಗಿ ಒತ್ತಕ್ಷರ ತಪ್ಪದವರು, ಹೆಸರು ಕೊಡಿ.

ಮುಂದಿನ ಸಭೆಯಲ್ಲಿ ಒಂದು ವಹಿ ಇಟ್ಟಿರುತ್ತೇನೆ. ಕೊಡುವವರು ತಿಂಗಳ ಮೊತ್ತದ ಪಕ್ಕದಲ್ಲಿ ಎಷ್ಟು ತಿಂಗಳು ಎಂದೂ ಬರೆಯಬೇಕು; ಹುಬ್ಬಳ್ಳಿಗೆ ನಾನು ಉತ್ತರ ಹೇಳಬೇಕಾಗಿದೆ. ವಿಶ್ವಕೋಶದ ಮೂರನೆಯ ಸಂಪುಟ ನಿಮ್ಮಲ್ಲಿ ಯಾರ ಮನೆಯಲ್ಲಿದ್ದರೂ ಅಲ್ಲೇ ಇರಲಿ.