ದಿನಕ್ಕೆ ನಲವತ್ತು ರೂಪಾಯಿಯ ಮಾಸಾಶನ

ಸಂಪಾದಕರೇ,

ಮಾಸಾಶನ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎನ್ನುವವರು ಮೊದಲು ಮೊತ್ತ ನೋಡಲಿ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಡಿ 65 ವರ್ಷ ದಾಟಿದ ಬಡವರಿಗೆ ಸಿಗುವುದು ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ ಬರೀ 200 ರೂಪಾಯಿ. 2007ರಿಂದ ಆ ಮೊತ್ತ ಅಲುಗಿಲ್ಲ. ಸರ್ಕಾರಿ ನೌಕರರ ತುಟ್ಟಿಭತ್ಯೆ ಮಾತ್ರ ವರ್ಷಕ್ಕೆರಡು ಬಾರಿ ಪರಿಷ್ಕರಣೆಯಾಗುತ್ತದೆ. ಕೂಲಿ ಮಾಡಿ ಬೆನ್ನು ಬಾಗಿದವರಿಗೂ ಬೆಲೆ ಸೂಚ್ಯಂಕ ಅನ್ವಯಿಸಲು ಅಡ್ಡಿಯೇನು?

ಅನರ್ಹರೂ ಪಡೆಯುತ್ತಾರೆಂಬ ದೂರು ಸುಳ್ಳಲ್ಲ. ಆದರೆ ಅರ್ಹರಿಗೆ ಹಣ ನಿಲ್ಲುವ ಬಗೆಯನ್ನೂ ಗಮನಿಸಿ. ಆಧಾರ್ ಆಧಾರಿತ ಪಾವತಿ ಖಾತೆ ಸಂಖ್ಯೆ ನೋಡುವುದಿಲ್ಲ. ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆಧಾರ್ ಜೊತೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹಣ ಹೋಗುತ್ತದೆ. ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಜೋಡಿಸಿದರೆ ಮಾಸಾಶನವೂ ಅಲ್ಲಿಗೇ. ಅಜ್ಜಿ ಹಳೇ ಪಾಸ್‌ಬುಕ್ ಹಿಡಿದು ಅಲೆಯುತ್ತಾರೆ. ಎರಡು ವರ್ಷ ವಹಿವಾಟು ನಡೆಸದ ಸಾಮಾನ್ಯ ಖಾತೆ ನಿಷ್ಕ್ರಿಯವಾಗುವುದೂ ಉಂಟು. ಆಧಾರ್‌ನಲ್ಲಿ ವಯಸ್ಸು ಕಡಿಮೆ ನಮೂದಾಗಿದ್ದರೆ ನಾಡಕಚೇರಿಯಲ್ಲೇ ಅರ್ಜಿ ಬಿದ್ದುಹೋಗುತ್ತದೆ.

ಹಣ ತಡೆಯುವ ಮುನ್ನ ಗ್ರಾಮ ಆಡಳಿತಾಧಿಕಾರಿ ಮನೆಗೆ ಹೋಗಿ ಪರಿಶೀಲಿಸಲಿ, ಕಾರಣವನ್ನು ಬರೆದೇ ಕೊಡಲಿ. ಇಷ್ಟಕ್ಕೆ ಹೊಸ ಕಾನೂನೇನೂ ಬೇಡ.

ಇನ್ನು ಮಾಸಾಶನಕ್ಕಿರುವ ಆದಾಯ ಮಿತಿ: ವರ್ಷಕ್ಕೆ 32,000 ರೂಪಾಯಿ. 2025–26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನೂರು ದಿನ ಮಣ್ಣು ಹೊತ್ತಿದ್ದರೆ 37,000. ಸರ್ಕಾರವೇ ಕೊಟ್ಟ ಕೂಲಿ ಸರ್ಕಾರವೇ ಹಾಕಿದ ಮಿತಿಯನ್ನು ದಾಟುತ್ತಿತ್ತು. ನಿಯಮವನ್ನು ಅಕ್ಷರಶಃ ಪಾಲಿಸಿದರೆ ಎಷ್ಟು ಕೂಲಿಕಾರರು ಬಡವರ ಪಟ್ಟಿಯಲ್ಲಿ ಉಳಿದಾರು?