ಉಲುರು ಮರಳಿನ ಮೇಲೆ ಬಿದ್ದಿರುವ ಕಲ್ಲಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ಪುರವಣಿಯಲ್ಲಿ ಆಸ್ಟ್ರೇಲಿಯದ ಉಲುರು ಕುರಿತ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಸೊಗಸಾಗಿವೆ. ಆದರೆ ಉಲುರುವನ್ನು ಮರುಭೂಮಿಯ ನಡುವೆ ಬಿದ್ದಿರುವ ಕೆಂಪು ಗ್ರಾನೈಟಿನ ಏಕಶಿಲೆ ಎಂದು ಬಣ್ಣಿಸಿ, ಅಷ್ಟು ದೂರ ಹೋದರೂ ಈಗ ಹತ್ತಲು ಬಿಡುವುದಿಲ್ಲವೆಂಬ ಬೇಸರದಲ್ಲಿ ಬರಹವನ್ನು ಮುಗಿಸಿರುವುದನ್ನು ಕಂಡು, ಮೂರು ದಶಕ ಭೂವಿಜ್ಞಾನದ ಪಾಠ ಹೇಳಿದ, ಎರಡು ವರ್ಷಗಳ ಹಿಂದೆ ಮಗಳ ಸಂಸಾರದೊಂದಿಗೆ ಆ ಬಂಡೆಯ ಬುಡವನ್ನು ಒಂದು ಸುತ್ತು ನಡೆದು ಬಂದ ನನಗೆ ಸುಮ್ಮನಿರಲಾಗಲಿಲ್ಲ.

ಏಕಶಿಲೆ ಎಂದೊಡನೆ ನಮ್ಮ ಓದುಗರಿಗೆ ನೆನಪಾಗುವುದು ಮಧುಗಿರಿ ಅಥವಾ ಸಾವನದುರ್ಗ. ಅವು ನೆಲದಾಳದ ಶಿಲಾಪಾಕ ನಿಧಾನವಾಗಿ ತಣಿದು ಗಟ್ಟಿಯಾದ ಗ್ರಾನೈಟ್ ಬೆಟ್ಟಗಳು. ಉಲುರುವಿನ ಹುಟ್ಟೇ ಬೇರೆ. ಅದು ಆರ್ಕೋಸ್ ಎಂಬ ಒರಟು ಮರಳುಗಲ್ಲು, ಅಂದರೆ ಕಣಶಿಲೆ. ಸುಮಾರು 55 ಕೋಟಿ ವರ್ಷಗಳ ಹಿಂದೆ, ನೆಲದ ಮೇಲೆ ಇನ್ನೂ ಗಿಡಮರಗಳೇ ಹುಟ್ಟಿರದ ಕಾಲದಲ್ಲಿ, ಆ ಸೀಮೆಯಲ್ಲಿ ಎದ್ದಿದ್ದ ಪೀಟರ್‌ಮನ್ ಪರ್ವತಗಳ ಬೋಳು ಇಳಿಜಾರನ್ನು ಮಳೆನೀರು ಕೊರೆದು ತಂದ ಮರಳು ಬುಡದಲ್ಲಿ ಬೀಸಣಿಗೆಯಂತೆ ಹರಡಿ, ಪದರದ ಮೇಲೆ ಪದರವಾಗಿ ಕೂಡಿತು. ಈ ಕಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಹರಳುಗಳು ಧಾರಾಳವಾಗಿವೆ. ಗಾಳಿ ನೀರಿಗೆ ಸಿಕ್ಕರೆ ಜೇಡಿಮಣ್ಣಾಗಿಬಿಡುವ ಆ ಖನಿಜ ಹಾಗೇ ಉಳಿದುಕೊಂಡಿರುವುದರಿಂದ, ಮರಳು ಬಹುದೂರ ಉರುಳದೆ ಬೇಗನೆ ಹೂತುಹೋಯಿತೆಂದು ತಿಳಿಯುತ್ತದೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದ ಈ ಮಾತನ್ನು ಅಲ್ಲಿ ಬಂಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕಣ್ಣಾರೆ ನೋಡಿದೆ.

ಆಮೇಲೆ ಕಡಲು ಬಂದು ಹೋಯಿತು. ಸುಮಾರು 40ರಿಂದ 30 ಕೋಟಿ ವರ್ಷಗಳ ಹಿಂದೆ ನಡೆದ ಭೂಚಲನೆಯಲ್ಲಿ, ಗಟ್ಟಿಯಾಗಿದ್ದ ಆ ಪದರಗಳು, ಮೇಜಿನ ಮೇಲೆ ಮಲಗಿಸಿದ್ದ ಪುಸ್ತಕಗಳನ್ನು ಕಪಾಟಿನಲ್ಲಿ ಎತ್ತಿ ನಿಲ್ಲಿಸಿದ ಹಾಗೆ, ಹೆಚ್ಚುಕಡಿಮೆ ನೆಟ್ಟಗೆ ನಿಂತವು. ಬಂಡೆಯ ಮೈಯಲ್ಲಿ ಒಂದರ ಪಕ್ಕ ಒಂದರಂತೆ ಕಾಣುವ ಏಣುಗಳು ಆ ಪುಸ್ತಕಗಳ ಬೆನ್ನುಗಳು. ನಮಗೆ ಕಾಣುವುದು 348 ಮೀಟರ್ ಎತ್ತರ, 9.4 ಕಿಲೋಮೀಟರ್ ಸುತ್ತಳತೆ ಮಾತ್ರ. ಪದರಗಳು ಮರಳಿನ ಕೆಳಗೆ ಕೆಲವು ಕಿಲೋಮೀಟರ್ ಆಳದವರೆಗೆ ಮುಂದುವರಿದಿವೆ ಎಂದು ಭೂವಿಜ್ಞಾನಿಗಳು ಅಂದಾಜಿಸುತ್ತಾರೆ. ಹಾಗಿರುವಾಗ ಅದು ಎಲ್ಲಿಂದಲೋ ಬಂದು ಬಿದ್ದ ಬಂಡೆಯಾಗುವುದು ಹೇಗೆ? ಇನ್ನು ಕೆಂಪು ಬಣ್ಣ. ಅದು ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಗಾಳಿಗೆ ಹಿಡಿದ ತುಕ್ಕು. ಮಳೆಗಾಳಿ ಅಷ್ಟಾಗಿ ತಾಗದ ಗವಿಗಳ ಒಳಗೋಡೆಯಲ್ಲಿ ಅದರ ಹುಟ್ಟುಬಣ್ಣವಾದ ಬೂದಿಯನ್ನು ಈಗಲೂ ನೋಡಬಹುದು. ಹೊರಮೈಯಂತೂ ಹಳೆಯ ಕಬ್ಬಿಣದ ಬಾಣಲೆಯ ತಳದಂತೆ ಹೆಕ್ಕಳಿಕೆ ಎದ್ದಿದೆ.

ಹೆಸರಿನ ವಿಚಾರವನ್ನೂ ಹೇಳಬೇಕು. 1873ರಲ್ಲಿ ಅಲ್ಲಿಗೆ ಬಂದ ಸರ್ವೇಯರ್ ವಿಲಿಯಂ ಗಾಸ್, ದಕ್ಷಿಣ ಆಸ್ಟ್ರೇಲಿಯದ ಅಂದಿನ ರಾಜಕಾರಣಿ ಹೆನ್ರಿ ಏಯರ್ಸ್ ಅವರ ಹೆಸರನ್ನು ಬಂಡೆಗೆ ಇಟ್ಟು ಅದನ್ನು ಏಯರ್ಸ್ ರಾಕ್ ಎಂದು ಕರೆದರು. ಲೇಖನದಲ್ಲಿ ಉದ್ದಕ್ಕೂ ಆ ಹೆಸರೇ ಮುಂದಿದ್ದು, ಉಲುರು ಎಂಬುದು ಆವರಣದೊಳಗೆ ಸೇರಿದೆ. ಆದರೆ ಆಸ್ಟ್ರೇಲಿಯದ ಸರ್ಕಾರಿ ದಾಖಲೆಯಲ್ಲೇ 2002ರಿಂದ ಉಲುರು ಎಂಬ ಹೆಸರು ಮೊದಲು ಬರುತ್ತದೆ.

ಅಲ್ಲಿನ ಮೂಲ ನಿವಾಸಿಗಳಾದ ಅನಂಗು ಜನರಿಗೆ ಉಲುರು ಒಂದು ವಿಗ್ರಹವಲ್ಲ, ಗುಡಿಯೂ ಅಲ್ಲ. ಅವರು ಚುಕುರ್ಪ ಎನ್ನುವುದು ಸೃಷ್ಟಿಯ ಕಥೆ, ಕಟ್ಟಳೆ, ನಡವಳಿಕೆ ಎಲ್ಲವೂ ಸೇರಿದ ಒಂದು ಮಾತು. ಅದಕ್ಕೆ ಕನ್ನಡದಲ್ಲಿ ಒಂದೇ ಪದ ಹುಡುಕಹೋದ ನಾನು ಸೋತೆ. ಬಂಡೆಯ ದಕ್ಷಿಣ ಮಗ್ಗುಲಿನಲ್ಲಿ ಮುಟಿಚುಲು ಎಂಬ ನೀರಿನ ಮಡುವಿದೆ. ತನ್ನ ಸೋದರಳಿಯನನ್ನು ಕೊಂದ ವಿಷಸರ್ಪ ಲಿರುವಿನ ಮೇಲೆ ಹೆಬ್ಬಾವಿನ ಹೆಣ್ಣು ಕುನಿಯ ಸೇಡು ತೀರಿಸಿಕೊಂಡದ್ದು ಅಲ್ಲಿಯೇ. ಅವಳು ಗೆಡ್ಡೆ ಅಗೆಯುವ ಕೋಲಿನಿಂದ ಕೊಟ್ಟ ಪೆಟ್ಟುಗಳು ಮೇಲಿನ ಗೋಡೆಯಲ್ಲಿ ಸೀಳುಗಳಾಗಿ ಉಳಿದಿವೆ. ನಾನು ಸವಕಳಿ ಎಂದು ಓದುವ ಗೆರೆಯನ್ನು ಅನಂಗು ಅಜ್ಜಿ ಮೊಮ್ಮಗಳಿಗೆ ಕಥೆಯಾಗಿ ಓದಿ ಹೇಳುತ್ತಾಳೆ.

ಹತ್ತುವ ದಾರಿಯೂ ಇಂಥದ್ದೇ. ಮಾಲ ಎಂಬ, ಕಾಂಗರೂ ಜಾತಿಯ ಪುಟ್ಟ ಪ್ರಾಣಿಯಾದ ವಲ್ಲಬಿಯ ರೂಪದ ಪೂರ್ವಜರು ವಿಧಿಯ ಆಚರಣೆಗಾಗಿ ಬಂದಾಗ ಗಂಡಸರು ಬಂಡೆ ಏರಿದ ಹಾದಿ ಅದು. ಆ ಹಾದಿಗೆ 1964ರಲ್ಲಿ ಕಂಬ ನೆಟ್ಟು ಸರಪಳಿ ಬಿಗಿದರು. ಹತ್ತುವವರ ಸಾಲನ್ನು ನೋಡಿ ಅನಂಗುಗಳು ಪ್ರವಾಸಿಗರಿಗೆ ‘ಮಿಂಗ’, ಅಂದರೆ ಇರುವೆ, ಎಂದು ಹೆಸರಿಟ್ಟರು. ಮೇಲೆ ಶೌಚಾಲಯವಿಲ್ಲದ ಕಾರಣ ಅಲ್ಲಿನ ಕೊಳೆ ಮಳೆಗೆ ತೊಳೆದು ಕೆಳಗಿನ ಮಡುಗಳಿಗೇ ಇಳಿಯುತ್ತಿತ್ತು. ಕನಿಷ್ಠ 37 ಜನ ಹತ್ತುವಾಗ, ಇಳಿಯುವಾಗ ಸತ್ತಿದ್ದಾರೆ. ತಮ್ಮ ನೆಲಕ್ಕೆ ಬಂದ ಅತಿಥಿ ಸತ್ತರೆ ಆ ಹೊಣೆ ತಮ್ಮದೆಂದು ಅನಂಗುಗಳು ದುಃಖಿಸುತ್ತಾರೆ. 1985ರ ಅಕ್ಟೋಬರ್ 26ರಂದು ನೆಲದ ಒಡೆತನ ಅವರಿಗೆ ಮರಳಿತು, ಮತ್ತು ಅದೇ ದಿನ ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕೆಂದು 99 ವರ್ಷಗಳ ಗುತ್ತಿಗೆಗೆ ಕೊಟ್ಟರು. ಹತ್ತುವುದು ನಿಂತದ್ದು 34 ವರ್ಷಗಳ ನಂತರ, 2019ರ ಅದೇ ತಾರೀಕಿನಂದು. ಇಷ್ಟು ಕಾದವರನ್ನು ಹಠಮಾರಿಗಳೆಂದು ಕರೆಯುವುದು ನ್ಯಾಯವಲ್ಲ. ಸರಪಳಿ ಈಗಿಲ್ಲ, ಲಕ್ಷಾಂತರ ಬೂಟುಗಳು ಸವೆಸಿದ ಬಿಳಿಚು ಪಟ್ಟಿಯೊಂದು ಕೆಂಪು ಮೈಮೇಲೆ ಕೆಳಗಿನಿಂದಲೇ ಕಾಣುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಬುಡದ ದಾರಿಯಲ್ಲಿ ಕೆಲವು ಕಡೆ, ಇಲ್ಲಿ ಚಿತ್ರ ತೆಗೆಯಬೇಡಿ ಎಂಬ ಫಲಕಗಳಿವೆ. ಆ ತಾಣಗಳನ್ನು ಅಲ್ಲಿಯೇ ನಿಂತು ನೋಡಬೇಕೇ ಹೊರತು ಬೇರೆಡೆಗೆ ಒಯ್ಯಬಾರದೆಂಬುದು ಅನಂಗುಗಳ ಕಟ್ಟಳೆ. ಪುರವಣಿಯ ಎರಡನೆಯ ಚಿತ್ರ ಅಂಥ ಜಾಗದ್ದೇ ಇರಬಹುದೆಂದು ನನಗೆ ಅನುಮಾನ. ದಯವಿಟ್ಟು ಲೇಖಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಹೌದಾದರೆ ಜಾಲತಾಣದ ಆವೃತ್ತಿಯಿಂದ ಅದನ್ನು ತೆಗೆಸಿ, ಗ್ರಾನೈಟ್ ಎಂಬುದನ್ನು ಮರಳುಗಲ್ಲು ಎಂದು ತಿದ್ದಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಮೈಸೂರು